ಮೂರರಿಂದ ಮೂರಕ್ಕೆ: ಮಲೆನಾಡಿನ ಸಮಾಜವಾದಿ ಪಕ್ಷದ ಇಪ್ಪತ್ತು ವರ್ಷ

ನಮ್ಮ ಪುಟ್ಟೇನಹಳ್ಳಿ ಈಗ ಜೆ.ಪಿ. ನಗರ ಏಳನೇ ಹಂತದ ಒಂದು ಭಾಗ. ಆಟೋದವರಿಗೆ, ಕೊರಿಯರ್ ಹುಡುಗರಿಗೆ, ಬಾಡಿಗೆ ಮನೆ ಹುಡುಕುವವರಿಗೆ 'ಜೆ.ಪಿ.' ಎಂದರೆ ಎರಡು ಅಕ್ಷರ, ಅಷ್ಟೆ. ಅದು ಜಯಪ್ರಕಾಶ ನಾರಾಯಣರ ಹೆಸರು. 1934ರಲ್ಲಿ ಕಾಂಗ್ರೆಸ್ಸಿನ ಒಳಗೇ ಕಾಂಗ್ರೆಸ್ ಸೋಷಲಿಸ್ಟ್ ಪಕ್ಷ ಕಟ್ಟಿದವರಲ್ಲಿ ಮೊದಲಿಗರು. ನಗರದ ಮಧ್ಯಕ್ಕೆ ಹೋದರೆ ವಿಧಾನಸೌಧದ ಹತ್ತಿರ ಗೋಪಾಲಗೌಡ ವೃತ್ತ ಸಿಗುತ್ತದೆ. ಟ್ರಾಫಿಕ್ ಸುದ್ದಿಯಲ್ಲಿ ದಿನವೂ ಬರುವ ಹೆಸರು. ಅದು ಶಾಂತವೇರಿ ಗೋಪಾಲಗೌಡರದು. ಒಬ್ಬರ ಹೆಸರು ಬಡಾವಣೆಗೆ, ಇನ್ನೊಬ್ಬರ ಹೆಸರು ಸಿಗ್ನಲ್ಲಿಗೆ. ಇವರಿಬ್ಬರನ್ನೂ ಕೂಡಿಸುವ ಪಕ್ಷದ ಹೆಸರು ಮಾತ್ರ ಮತಯಂತ್ರದಲ್ಲಿ ಎಲ್ಲೂ ಇಲ್ಲ.

ಆ ಪಕ್ಷಕ್ಕೆ ಕರ್ನಾಟಕದಲ್ಲಿ ಏನಾಯಿತು ಎಂದು ಬರೆಯಬೇಕು ಎಂದು ಬಹಳ ದಿನದಿಂದ ಇತ್ತು. ಸಾಮಾನ್ಯವಾಗಿ ಈ ಕಥೆಯನ್ನು ವ್ಯಕ್ತಿಗಳ ಕಥೆಯಾಗಿ ಹೇಳುತ್ತಾರೆ. ಗೋಪಾಲಗೌಡರು ಎಂಥ ಪ್ರಾಮಾಣಿಕರು, ಬಂಗಾರಪ್ಪ ಹೇಗೆ ಪಕ್ಷ ಬದಲಿಸಿದರು, ಪಟೇಲರು ಎಂಥ ಮಾತುಗಾರರು ಎಂದು. ಜಯಂತಿ, ಪುಣ್ಯತಿಥಿಗೆ ಆ ಬರಹ ಸಾಕು. ನನಗೆ ಕಾಣುವುದು ಬೇರೆ. ಗೇಣಿದಾರನಿಗೆ ಭೂಮಿ ಕೊಡಿಸಬೇಕು ಎಂದು ಹುಟ್ಟಿದ ಪಕ್ಷ, ಗೇಣಿದಾರನಿಗೆ ಭೂಮಿ ಸಿಕ್ಕ ಕೂಡಲೇ ಕೆಲಸವಿಲ್ಲದೆ ಕೂತಿತು. ಭೂಮಿ ಕೊಟ್ಟದ್ದು ಬೇರೆಯವರು. ಕೊಟ್ಟ ಕಾನೂನನ್ನು ಕಾಯಲು ಆಮೇಲೆ ಯಾರೂ ಉಳಿಯಲಿಲ್ಲ.

ಮೊದಲು ಸಾಗರ ತಾಲ್ಲೂಕಿನ ಕಾಗೋಡಿಗೆ ಹೋಗೋಣ.

ಅಲ್ಲಿನ ಗದ್ದೆ ಒಡೆಯರದು, ಗೇಯುವವರು ದೀವರು. ಕಟಾವಾದ ಮೇಲೆ ಗೇಣಿ ಭತ್ತವನ್ನು ಕೊಳಗದಲ್ಲಿ ಅಳೆದು ಒಡೆಯರ ಮನೆಗೆ ಹಾಕಬೇಕು. ಜಗಳ ಶುರುವಾದದ್ದು ಈ ಕೊಳಗದಿಂದ. ಗೇಣಿ ಅಳೆಯಲು ಒಡೆಯರು ಬಳಸುತ್ತಿದ್ದ ಕೊಳಗ ಸರ್ಕಾರಿ ಅಳತೆಯದಕ್ಕಿಂತ ದೊಡ್ಡದು. ಬಾಯಲ್ಲಿ ಹೇಳುವ ಲೆಕ್ಕ ಒಂದು, ಕಣಜಕ್ಕೆ ಬೀಳುವ ಭತ್ತ ಇನ್ನೊಂದು. ಅಳೆದು ಹಾಕಿದ್ದಕ್ಕೆ ರಸೀದಿಯೂ ಇಲ್ಲ. ರಸೀದಿ ಇಲ್ಲದಿದ್ದರೆ ನಾಳೆ 'ನೀನು ಈ ಗದ್ದೆ ಮಾಡಿಯೇ ಇಲ್ಲ' ಎಂದರೆ ತೋರಿಸಲು ಏನಿದೆ? ಆಮೇಲಿನ ಇಡೀ ಭೂಸುಧಾರಣೆಯ ಗಂಟು ಈ ರಸೀದಿಯಲ್ಲೇ ಇತ್ತು. ತಾಲ್ಲೂಕು ಕಚೇರಿ ವರದಿಗೆ ಹೋಗುವ ನಮ್ಮ ಬ್ಯಾಚಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಶಾಲಾ ಮಾಸ್ತರರಾಗಿದ್ದ ಎಚ್. ಗಣಪತಿಯಪ್ಪ 1948ರಲ್ಲಿ ಸಾಗರ ತಾಲ್ಲೂಕು ರೈತ ಸಂಘ ಕಟ್ಟಿದ್ದರು. ಸರಿಯಾದ ಕೊಳಗದಲ್ಲಿ ಅಳೆಯಿರಿ, ರಸೀದಿ ಕೊಡಿ ಎಂದು ಕೇಳಿದವರಿಗೆ ಒಡೆಯರು ಗದ್ದೆಯನ್ನೇ ಬಿಡಿಸಿದರು. 1951ರ ಏಪ್ರಿಲ್ 18ರಂದು ಗೇಣಿದಾರರು ನೇಗಿಲು ಹಿಡಿದು ಅದೇ ಗದ್ದೆಗೆ ಇಳಿದರು. ಪೊಲೀಸರು ಹಿಡಿದರು. ಮತ್ತೊಂದು ತಂಡ ಇಳಿಯಿತು. ಹೀಗೆ ತಂಡ ತಂಡವಾಗಿ ಜೈಲಿಗೆ ಹೋಗುವ ಸತ್ಯಾಗ್ರಹ ನಡೆಯಿತು. ಸಮಾಜವಾದಿ ಪಕ್ಷ ಹೆಗಲು ಕೊಟ್ಟಿತು. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಕಾಗೋಡಿಗೇ ಬಂದರು, ಗದ್ದೆಗೆ ಹೋದರು. ಅದೇ ರಾತ್ರಿ ಸಾಗರದ ರೈಲು ನಿಲ್ದಾಣದಲ್ಲಿ ಅವರ ಬಂಧನವಾಯಿತು. ಒಂದು ಹಳ್ಳಿಯ ಅಳತೆ ಪಾತ್ರೆಯ ಜಗಳ ದೇಶದ ಸುದ್ದಿಯಾದದ್ದು ಆಗ. ಉಡುಪಿಯ ಜಿ. ರಾಜಶೇಖರ ಈ ಸತ್ಯಾಗ್ರಹದ ಬಗ್ಗೆಯೇ ಒಂದು ಪುಸ್ತಕ ಬರೆದಿದ್ದಾರೆ. ಮಲೆನಾಡಿನ ಬೀಟ್ ಮಾಡುವವರು ಓದಲೇಬೇಕು.

ಸತ್ಯಾಗ್ರಹದಿಂದ ಗೇಣಿದಾರರಿಗೆ ತಕ್ಷಣ ಭೂಮಿ ಸಿಗಲಿಲ್ಲ. ಪಕ್ಷಕ್ಕೆ ಮಾತ್ರ ಒಬ್ಬ ಶಾಸಕ ಸಿಕ್ಕ. ಮರುವರ್ಷ, 1952ರ ಮೊದಲ ಚುನಾವಣೆಯಲ್ಲಿ ಸಾಗರ–ಹೊಸನಗರ ಕ್ಷೇತ್ರದಿಂದ ಗೋಪಾಲಗೌಡ ನಿಂತರು. ವಯಸ್ಸು 29. ಎದುರಿಗೆ ಕಾಂಗ್ರೆಸ್ಸಿನ ಎ.ಆರ್. ಬದರಿನಾರಾಯಣ, ಜಮೀನ್ದಾರಿ ಮನೆತನದವರು. ಗೌಡರ ಕೈಯಲ್ಲಿ ದುಡ್ಡಿಲ್ಲ. ಮತದಾರರನ್ನೇ ಕೇಳಿದರು: ವೋಟಿನ ಜೊತೆಗೆ ಒಂದು ನೋಟೂ ಕೊಡಿ. 'ಒಂದು ವೋಟು, ಒಂದು ನೋಟು' ಎಂಬ ಮಾತು ಮಲೆನಾಡಿನಲ್ಲಿ ಇನ್ನೂ ಓಡಾಡುತ್ತದೆ. ಚುನಾವಣೆ ವೆಚ್ಚದ ವರದಿ ಮಾಡುವಾಗ ನಾವೆಲ್ಲ ಒಮ್ಮೆ ನೆನೆಯಬೇಕಾದ ಮಾತು, ಏಕೆಂದರೆ ಈಗ ನೋಟು ಹರಿಯುವುದು ತಿರುಗಾ ದಿಕ್ಕಿನಲ್ಲಿ. ಗೌಡರು ಗೆದ್ದರು. 99 ಸ್ಥಾನಗಳ ಮೈಸೂರು ವಿಧಾನಸಭೆಯಲ್ಲಿ ಸಮಾಜವಾದಿಗಳು ಮೂವರು.

ಮೂರು ಎಂಬ ಈ ಸಂಖ್ಯೆ ನೆನಪಿರಲಿ.

ಮುಂದಿನ ಭಾಗ ಓದುಗರಿಗೆ ಬೇಸರ ತರಿಸುವಂಥದ್ದು, ಬೇಗ ಹೇಳಿ ಮುಗಿಸುತ್ತೇನೆ. 1952ರಲ್ಲೇ ಸಮಾಜವಾದಿ ಪಕ್ಷ, ಕೃಪಲಾನಿಯವರ ಕಿಸಾನ್ ಮಜ್ದೂರ್ ಪ್ರಜಾ ಪಕ್ಷದ ಜೊತೆ ಸೇರಿ ಪ್ರಜಾ ಸೋಷಲಿಸ್ಟ್ ಪಕ್ಷವಾಯಿತು, ಅಂದರೆ ಪಿಎಸ್‌ಪಿ. 1955ರಲ್ಲಿ ಲೋಹಿಯಾ ಹೊರಬಿದ್ದು ತಮ್ಮದೇ ಸಮಾಜವಾದಿ ಪಕ್ಷ ಮಾಡಿದರು. 1964ರಲ್ಲಿ ಎರಡೂ ಸೇರಿ ಸಂಯುಕ್ತ ಸೋಷಲಿಸ್ಟ್ ಪಕ್ಷ, ಎಸ್‌ಎಸ್‌ಪಿ. ಮರುವರ್ಷವೇ ಪಿಎಸ್‌ಪಿಯ ಒಂದು ಗುಂಪು ಬೇರೆಯಾಯಿತು. 1971ರಲ್ಲಿ ಮತ್ತೆ ಒಂದಾದರು. 1977ರಲ್ಲಿ ಜನತಾ ಪಕ್ಷದಲ್ಲಿ ಕರಗಿದರು. ಇಪ್ಪತ್ತೈದು ವರ್ಷದಲ್ಲಿ ಆರು ಸಲ. ಈ ಕೂಡುವಿಕೆ, ಒಡೆಯುವಿಕೆಗಳೆಲ್ಲ ಉತ್ತರ ಭಾರತದ ಸಮ್ಮೇಳನಗಳಲ್ಲಿ ತೀರ್ಮಾನವಾಗುತ್ತಿದ್ದವು. ಹೊಸನಗರದ ಕಾರ್ಯಕರ್ತನ ಪಾಲಿಗೆ ಇದರ ಅರ್ಥ ಇಷ್ಟೆ: ಬೋರ್ಡಿಗೆ ಮತ್ತೆ ಬಣ್ಣ ಹೊಡೆಯಬೇಕು, ಚಿಹ್ನೆಯನ್ನು ಮನೆ ಮನೆಗೆ ಹೋಗಿ ಮತ್ತೆ ಹೇಳಿಕೊಡಬೇಕು. ಮೊದಲು ಆಲದ ಮರ, ಆಮೇಲೆ ಗುಡಿಸಲು, ತಿರುಗಿ ಆಲದ ಮರ. ಓದು ಬಾರದ ಮತದಾರರೇ ಹೆಚ್ಚಿದ್ದ ಕಾಲದಲ್ಲಿ ಚಿಹ್ನೆ ಬದಲಾಗುವುದು ಹೆಸರು ಬದಲಾಗುವುದಕ್ಕಿಂತ ದೊಡ್ಡ ಪೆಟ್ಟು.

ಇಲ್ಲಿ ಪಿಎಸ್‌ಪಿ ಅಷ್ಟೇನೂ ಸಣ್ಣ ಪಕ್ಷವಾಗಿರಲಿಲ್ಲ. 1957ರಲ್ಲಿ 18, 1962ರಲ್ಲಿ 20, 1967ರಲ್ಲಿ ಮತ್ತೆ 20 ಸ್ಥಾನ. ಶ್ರವಣಬೆಳಗೊಳದ ಎಸ್. ಶಿವಪ್ಪ ಅದರ ಪರವಾಗಿ ವಿರೋಧ ಪಕ್ಷದ ನಾಯಕರಾಗಿದ್ದರು. ಆದರೆ ಅದರಲ್ಲಿ ಕಾಂಗ್ರೆಸ್ಸಿನಲ್ಲಿ ಜಾಗ ಸಿಗದೆ ಬಂದವರು, ಊರಿನ ಪ್ರಭಾವಿಗಳು, ನಿಜವಾದ ಸಮಾಜವಾದಿಗಳು ಎಲ್ಲರೂ ಬೆರೆತಿದ್ದರು. ಲೋಹಿಯಾ ಗುಂಪು ಇದಕ್ಕೆ ತದ್ವಿರುದ್ಧ. ಚಿಕ್ಕದು, ಹಠದ್ದು. ಗೌಡರು ಲೋಹಿಯಾ ಜೊತೆ ಹೋದರು. 1957ರಲ್ಲಿ ಸೋತರು. 1962ರಲ್ಲಿ ತೀರ್ಥಹಳ್ಳಿಯಿಂದ ಗೆದ್ದಾಗ ಇಡೀ ವಿಧಾನಸಭೆಯಲ್ಲಿ ಆ ಪಕ್ಷದಿಂದ ಇದ್ದವರು ಅವರೊಬ್ಬರೇ.

ಒಬ್ಬನೇ ಶಾಸಕನ ಪಕ್ಷ ಏನು ಮಾಡಬಹುದು? ಮಾತಾಡಬಹುದು. ಗೌಡರು ಮಾತಾಡಿದರು. ಗೇಣಿಯ ಬಗ್ಗೆ, ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಡುವ ಬಗ್ಗೆ, ಆಡಳಿತದಲ್ಲಿ ಕನ್ನಡದ ಬಗ್ಗೆ. ಸದನದ ಹೊರಗೆ ಇದರ ಪ್ರಭಾವ ಸ್ಥಾನಗಳ ಲೆಕ್ಕಕ್ಕೆ ಸಿಗುವಂಥದ್ದಲ್ಲ. ಯು.ಆರ್. ಅನಂತಮೂರ್ತಿ, ಪಿ. ಲಂಕೇಶ್, ಪೂರ್ಣಚಂದ್ರ ತೇಜಸ್ವಿ, ಕಡಿದಾಳು ಶಾಮಣ್ಣ, ಎಂ.ಡಿ. ನಂಜುಂಡಸ್ವಾಮಿ, ದೇವನೂರ ಮಹಾದೇವ: ಇವರೆಲ್ಲ ಲೋಹಿಯಾ ವಿಚಾರದ ಗಾಳಿಯಲ್ಲಿ ಬೆಳೆದವರು. ಅನಂತಮೂರ್ತಿಯವರ 'ಅವಸ್ಥೆ' ಕಾದಂಬರಿಯ ಕೃಷ್ಣಪ್ಪಗೌಡನಲ್ಲಿ ಗೋಪಾಲಗೌಡರ ನೆರಳಿದೆ ಎಂದು ಓದದವರೂ ಹೇಳುತ್ತಾರೆ. ಪಕ್ಷಕ್ಕೆ ಸಿಕ್ಕ ಸಾಹಿತಿಗಳು ಅದಕ್ಕೆ ಸಿಕ್ಕ ಶಾಸಕರಿಗಿಂತ ಹೆಚ್ಚು. ಇದನ್ನು ಹೆಮ್ಮೆಯಿಂದ ಹೇಳುವವರಿದ್ದಾರೆ. ನನಗೆ ಅನುಮಾನ. ಸಾಹಿತಿಗಳು ವಿಚಾರವನ್ನು ಉಳಿಸಿದರು, ನಿಜ. ಬೂತ್ ಮಟ್ಟದಲ್ಲಿ ಕೂರುವವರು ಯಾರು?

1967 ಪಕ್ಷದ ಅತಿ ಒಳ್ಳೆಯ ವರ್ಷ. ಎಸ್‌ಎಸ್‌ಪಿಗೆ ವಿಧಾನಸಭೆಯಲ್ಲಿ ಆರು ಸ್ಥಾನ. ತೀರ್ಥಹಳ್ಳಿಯಲ್ಲಿ ಗೌಡರು, ಸೊರಬದಲ್ಲಿ ಎಸ್. ಬಂಗಾರಪ್ಪ. ಶಿವಮೊಗ್ಗ ಲೋಕಸಭಾ ಕ್ಷೇತ್ರದಿಂದ ಜೆ.ಎಚ್. ಪಟೇಲ್ ಗೆದ್ದು ದೆಹಲಿಗೆ ಹೋದರು, ಲೋಕಸಭೆಯಲ್ಲಿ ಎದ್ದು ನಿಂತು ಕನ್ನಡದಲ್ಲಿ ಮಾತಾಡಿದರು. ಆಗ ಸ್ಪೀಕರ್ ನೀಲಂ ಸಂಜೀವರೆಡ್ಡಿ. ಅಲ್ಲಿ ಕನ್ನಡ ಕೇಳಿದ್ದು ಅದೇ ಮೊದಲು. ಬಂಗಾರಪ್ಪನವರ ಗೆಲುವನ್ನು ಬೇರೆ ಕಣ್ಣಿನಿಂದ ನೋಡಬೇಕು. ಅವರು ದೀವರು. ಕಾಗೋಡಿನಲ್ಲಿ ನೇಗಿಲು ಹಿಡಿದು ಜೈಲಿಗೆ ಹೋದ ಸಮುದಾಯದ ಮಗ, ವಕೀಲಿ ಓದಿ ಸದನಕ್ಕೆ ಬಂದ. ಗೇಣಿದಾರರ ಪರವಾಗಿ ಇನ್ನೊಬ್ಬರು ಮಾತಾಡುವ ಕಾಲ ಮುಗಿಯಿತು.

ಹೀಗಾಗಿ 1972ಕ್ಕೆ ಬರುವಾಗ ಪಕ್ಷ ಗಟ್ಟಿಯಾಗಬೇಕಿತ್ತು. ಆದರೆ ಆ ವರ್ಷ ಇಂದಿರಾ ಗಾಂಧಿಯವರ ಅಲೆ. 216ರಲ್ಲಿ 165 ಸ್ಥಾನ ಅವರ ಕಾಂಗ್ರೆಸ್ಸಿಗೆ, ದೇವರಾಜ ಅರಸು ಮುಖ್ಯಮಂತ್ರಿ. ಸಮಾಜವಾದಿಗಳಿಗೆ ಉಳಿದದ್ದು ಮೂರು: ಸೊರಬದಲ್ಲಿ ಬಂಗಾರಪ್ಪ, ಸಾಗರದಲ್ಲಿ ಕಾಗೋಡು ತಿಮ್ಮಪ್ಪ, ತೀರ್ಥಹಳ್ಳಿಯಲ್ಲಿ ಕೋಣಂದೂರು ಲಿಂಗಪ್ಪ. ಮೂರೂ ಶಿವಮೊಗ್ಗ ಜಿಲ್ಲೆಯವು, ಅಕ್ಕಪಕ್ಕದ ಮಲೆನಾಡ ತಾಲ್ಲೂಕುಗಳು. ಇಪ್ಪತ್ತು ವರ್ಷ ಕಳೆದು ಪಕ್ಷ ಅದೇ ಮೂರಕ್ಕೆ ಬಂದು ನಿಂತಿತ್ತು. ಚುನಾವಣೆ ಮುಗಿದು ಕೆಲವೇ ತಿಂಗಳಿಗೆ, ಜೂನ್ 9ರಂದು ಗೋಪಾಲಗೌಡ ತೀರಿಕೊಂಡರು. 49 ವರ್ಷ. ಬಹುಕಾಲದ ಕಾಯಿಲೆ. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದದ್ದು ಮರುವರ್ಷದ ನವೆಂಬರ್ 1ಕ್ಕೆ.

ಇನ್ನು ಮುಖ್ಯ ವಿಷಯ.

ಗೇಣಿ ಕಾನೂನು ಅರಸರಿಂದಲೇ ಶುರುವಾಯಿತು ಎನ್ನುವುದು ತಪ್ಪು. ತೀರ್ಥಹಳ್ಳಿ ಕಡೆಯವರೇ ಆದ ಕಡಿದಾಳ್ ಮಂಜಪ್ಪ ಕಾಂಗ್ರೆಸ್ಸಿನ ಕಂದಾಯ ಮಂತ್ರಿಯಾಗಿದ್ದಾಗ 1952ರಲ್ಲಿ ಒಂದು ಗೇಣಿ ಕಾಯ್ದೆ ಬಂದಿತ್ತು. ಬಿ.ಡಿ. ಜತ್ತಿ ಸಮಿತಿಯ ವರದಿಯ ಮೇಲೆ 1961ರ ಭೂಸುಧಾರಣಾ ಕಾಯ್ದೆ ಆಯಿತು, ಜಾರಿಯಾಗಲು 1965 ಆಗಬೇಕಾಯಿತು. ಅಷ್ಟರಲ್ಲಿ ಒಡೆಯರು ಸ್ವಂತ ಸಾಗುವಳಿ ಎಂದು ತೋರಿಸಿ ಎಷ್ಟೋ ಗೇಣಿದಾರರನ್ನು ಬಿಡಿಸಿದ್ದರು. ಕಾಯ್ದೆಯಲ್ಲಿ ಬಾಗಿಲಿಗಿಂತ ಕಿಟಕಿಗಳು ಜಾಸ್ತಿ ಇದ್ದವು.

ಅರಸು ಸರ್ಕಾರದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಅದರ ಗುಟ್ಟು ತೀರ ಸರಳ. ಆ ದಿನ ಗೇಣಿಯಲ್ಲಿದ್ದ ಎಲ್ಲ ಜಮೀನೂ ಸರ್ಕಾರಕ್ಕೆ ಸೇರಿತು. ಗೇಣಿದಾರ ನಮೂನೆ 7ರಲ್ಲಿ ಅರ್ಜಿ ಹಾಕಬೇಕು. ಮಲೆನಾಡು, ಕರಾವಳಿಯಲ್ಲಿ ಇದನ್ನೇ 'ಡಿಕ್ಲರೇಷನ್ ಹಾಕುವುದು' ಎನ್ನುತ್ತಾರೆ. ತಾಲ್ಲೂಕಿಗೊಂದು ಭೂನ್ಯಾಯ ಮಂಡಳಿ, ಅದಕ್ಕೆ ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷ, ಸರ್ಕಾರ ನೇಮಿಸಿದ ಸ್ಥಳೀಯ ಸದಸ್ಯರು. ಶುರುವಿನಲ್ಲಿ ವಕೀಲರಿಗೆ ಅಲ್ಲಿ ಪ್ರವೇಶವಿಲ್ಲ, ಸಿವಿಲ್ ಕೋರ್ಟಿಗೆ ಅಧಿಕಾರವಿಲ್ಲ. ರಸೀದಿ ಇಲ್ಲದ ಗೇಣಿದಾರ ಕೋರ್ಟಿನಲ್ಲಿ ಗೆಲ್ಲಲಾರ ಎಂಬುದು ಕಾಗೋಡಿನ ಕಾಲದಿಂದ ಎಲ್ಲರಿಗೂ ಗೊತ್ತಿತ್ತು. ಆದ್ದರಿಂದ ಕೋರ್ಟನ್ನೇ ಪಕ್ಕಕ್ಕಿಟ್ಟರು. ಊರಿನವರ ಸಾಕ್ಷಿ ಕೇಳಿ ತೀರ್ಮಾನ. ಎಂಟು ಲಕ್ಷಕ್ಕೂ ಹೆಚ್ಚು ಅರ್ಜಿ ಬಂದವು. ಮಂಡಳಿಗಳಲ್ಲಿ ಪಕ್ಷಪಾತ ನಡೆದಿಲ್ಲವೆಂದಲ್ಲ, ನಡೆದಿದೆ. ಆದರೂ ದೀವರು, ಬಿಲ್ಲವರು, ಹಾಲಕ್ಕಿಗಳು, ಬಂಟರಲ್ಲಿ ಬಡವರು ಹೀಗೆ ಲಕ್ಷಗಟ್ಟಲೆ ಕುಟುಂಬಗಳ ಹೆಸರು ಪಹಣಿಯಲ್ಲಿ ಕೂತಿತು.

ಸಮಾಜವಾದಿಗಳು ಜೈಲಿಗೆ ಹೋಗಿ ಕೇಳಿದ್ದನ್ನು ಕಾಂಗ್ರೆಸ್ ಸರ್ಕಾರ ಕೊಟ್ಟಿತು. ಪಕ್ಷ ಈಗ ಏನು ಮಾಡಬೇಕು? ಬೆಂಬಲಿಸಿದರೆ ಕಾಂಗ್ರೆಸ್ಸಿಗೆ ಹೆಸರು. ವಿರೋಧಿಸಿದರೆ ತನ್ನ ಮತದಾರನಿಗೆ ದ್ರೋಹ. ಅಲ್ಲದೆ ಕಾಂಗ್ರೆಸ್ಸನ್ನು ಸೋಲಿಸುವುದೇ ಮೊದಲ ಕೆಲಸ ಎಂದು ಲೋಹಿಯಾ ಅರವತ್ತರ ದಶಕದಲ್ಲಿ ಹಾಕಿಕೊಟ್ಟ ದಾರಿ ಬೇರೆ ಇತ್ತು. ಬಂಗಾರಪ್ಪನವರಿಗೆ ಗೊಂದಲವಾಗಲಿಲ್ಲ. ಎಪ್ಪತ್ತರ ದಶಕದಲ್ಲೇ ಕಾಂಗ್ರೆಸ್ ಸೇರಿದರು, ಅರಸು ಸಂಪುಟದಲ್ಲಿ ಮಂತ್ರಿಯಾದರು. ತಿಮ್ಮಪ್ಪನವರೂ ಮುಂದೆ ಕಾಂಗ್ರೆಸ್ಸಿಗರಾದರು. ಇದನ್ನು ದ್ರೋಹ ಎಂದು ಬರೆದವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಮತದಾರ ಪಟ್ಟಾ ಹಿಡಿದು ಆ ಕಡೆ ನಡೆದಿದ್ದ, ಶಾಸಕ ಅವನ ಹಿಂದೆ ಹೋದ. ಈ ಕಡೆ ಉಳಿದವರು ತುರ್ತು ಪರಿಸ್ಥಿತಿಯಲ್ಲಿ ಜೈಲಿಗೆ ಹೋದರು. ಪಟೇಲ್ ಜೈಲಿನಲ್ಲಿದ್ದರು. ಮೈಸೂರಿನ ಹಳೆಯ ಸಮಾಜವಾದಿ ಸಿ.ಜಿ.ಕೆ. ರೆಡ್ಡಿ ಬರೋಡಾ ಡೈನಮೈಟ್ ಮೊಕದ್ದಮೆಯಲ್ಲಿ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಜೊತೆ ಆರೋಪಿಯಾದರು. ಅದೇ ಪ್ರಕರಣದ ಸಂಬಂಧ ಬೆಂಗಳೂರು ಸೆಂಟ್ರಲ್ ಜೈಲಿನಲ್ಲಿಟ್ಟಿದ್ದ ಸ್ನೇಹಲತಾ ರೆಡ್ಡಿ, 'ಸಂಸ್ಕಾರ' ಚಿತ್ರದ ಚಂದ್ರಿ, ಬಿಡುಗಡೆಯಾದ ಕೆಲವೇ ದಿನಕ್ಕೆ, 1977ರ ಜನವರಿ 20ರಂದು ತೀರಿಕೊಂಡರು. ಅಸ್ತಮಾ ಇದ್ದ ಹೆಂಗಸು.

ಆ ವರ್ಷ ಉತ್ತರ ಭಾರತ ಕಾಂಗ್ರೆಸ್ಸನ್ನು ಗುಡಿಸಿ ಹಾಕಿದಾಗ ಕರ್ನಾಟಕ 28ರಲ್ಲಿ 26 ಸ್ಥಾನ ಕಾಂಗ್ರೆಸ್ಸಿಗೇ ಕೊಟ್ಟಿತು. ಜೈಲಿಗೆ ಹೋದವರಿಗೆ ಮತ ಬೀಳಲಿಲ್ಲ. ಪಹಣಿ ಕೊಟ್ಟವರಿಗೆ ಬಿತ್ತು.

ಇಲ್ಲಿ ಪಕ್ಷದ ಒಂದು ದೊಡ್ಡ ಕೊರತೆಯನ್ನು ಹೇಳಲೇಬೇಕು. ಅದರ ಲೆಕ್ಕದಲ್ಲಿ ಬಡವ ಎಂದರೆ ಗೇಣಿದಾರ. ಗೇಣಿದಾರನ ಗದ್ದೆಯಲ್ಲಿ ನಾಟಿ ಮಾಡುವ ದಲಿತ ಕೂಲಿ ಹೆಂಗಸಿಗೆ ನಮೂನೆ 7 ಇಲ್ಲ. 'ಉಳುವವನೇ ಹೊಲದೊಡೆಯ' ಎಂದಾಗ ಉಳುವವನು ಯಾರು ಎಂಬ ಪ್ರಶ್ನೆಯನ್ನು ಆಮೇಲೆ ಕೇಳಿದ್ದು ದಲಿತ ಸಂಘರ್ಷ ಸಮಿತಿ. ಬೆಳೆಗೆ ಬೆಲೆ, ಸಾಲ, ಲೆವಿ ಎಂದು ಹೊಸ ಮಾಲೀಕನ ಕಷ್ಟಗಳನ್ನು ಹಿಡಿದದ್ದು 1980ರಲ್ಲಿ ಹುಟ್ಟಿದ ರಾಜ್ಯ ರೈತ ಸಂಘ. ಅದನ್ನು ಕಟ್ಟಿದ ಶಾಮಣ್ಣ, ಎನ್.ಡಿ. ಸುಂದರೇಶ್, ನಂಜುಂಡಸ್ವಾಮಿ ಇವರೆಲ್ಲ ಸಮಾಜವಾದಿ ಗರಡಿಯವರೇ. ಮನೆಯ ಮಕ್ಕಳೆಲ್ಲ ಬೇರೆ ಬೇರೆ ಒಲೆ ಹೂಡಿದರು, ಹಳೆ ಮನೆ ಖಾಲಿಯಾಯಿತು.

ನಗರದ ಅಂಚಿನ ಹಳ್ಳಿಗಳ ಬಗ್ಗೆಯಂತೂ ಪಕ್ಷಕ್ಕೆ ಹೇಳಲು ಏನೂ ಇರಲಿಲ್ಲ. ಪುಟ್ಟೇನಹಳ್ಳಿ ಆಗ ಉತ್ತರಹಳ್ಳಿ ಹೋಬಳಿಯ ಕೆರೆ, ಹೊಲಗಳ ಊರು. ಅರಸು ಕಾಲದಲ್ಲೇ, 1976ರಲ್ಲಿ ಬಿಡಿಎ ಬಂತು. ಮಲೆನಾಡಿನಲ್ಲಿ ಒಂದು ಕಾನೂನು ರೈತನಿಗೆ ಭೂಮಿ ಕೊಡುತ್ತಿದ್ದ ಅದೇ ದಶಕದಲ್ಲಿ ಬೆಂಗಳೂರು ಸುತ್ತ ಇನ್ನೊಂದು ಕಾನೂನು ರೈತನಿಂದ ಭೂಮಿ ತೆಗೆದುಕೊಳ್ಳುತ್ತಿತ್ತು. ಹಾಗೆ ತೆಗೆದುಕೊಂಡ ಜಮೀನಿನ ಮೇಲೆ ಎದ್ದ ಬಡಾವಣೆಗೆ ಸಮಾಜವಾದಿಯ ಹೆಸರು.

ಮುಂದಿನದು ಎಲ್ಲರಿಗೂ ಗೊತ್ತಿರುವ ಕಥೆ. ಬಂಗಾರಪ್ಪ ಕ್ರಾಂತಿರಂಗಕ್ಕೆ ಹೋದರು, ಕಾಂಗ್ರೆಸ್ಸಿಗೆ ಮರಳಿದರು, 1990ರಲ್ಲಿ ಮುಖ್ಯಮಂತ್ರಿಯಾದರು. ಹತ್ತು ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಉಚಿತ ವಿದ್ಯುತ್, ಆಶ್ರಯ ಮನೆ ಎಂದಾಗ ಒಳಗಿನ ಹಳೆ ಸಮಾಜವಾದಿ ಕಾಣಿಸುತ್ತಿದ್ದ. ಆಮೇಲೆ ಸ್ವಂತ ಪಕ್ಷ ಎರಡು ಸಲ, 2004ರಲ್ಲಿ ಬಿಜೆಪಿ. 2005ರ ಶಿವಮೊಗ್ಗ ಲೋಕಸಭಾ ಉಪಚುನಾವಣೆಯಲ್ಲಿ ಅವರು ಗೆದ್ದದ್ದು ಮುಲಾಯಂ ಸಿಂಗರ ಸಮಾಜವಾದಿ ಪಕ್ಷದಿಂದ. ಆ ಹೆಸರಿಗೆ ಜಿಲ್ಲೆಯ ಮತ ಬಿದ್ದ ಕೊನೆಯ ಗೆಲುವು ಅದು. ಅದೂ ಬಂಗಾರಪ್ಪ ಎಂಬ ಹೆಸರಿಗೆ ಬಿದ್ದದ್ದು, ಸೈಕಲ್ಲಿಗಲ್ಲ. ಪಟೇಲ್ 1996ರಲ್ಲಿ ಜನತಾದಳದ ಮುಖ್ಯಮಂತ್ರಿಯಾದರು, ಮರುವರ್ಷ ಏಳು ಹೊಸ ಜಿಲ್ಲೆ ಮಾಡಿದರು. ನಮ್ಮಲ್ಲಿ ಕೆಲವರಿಗೆ 'ಜಿಲ್ಲಾ ವರದಿಗಾರ' ಎಂಬ ಕಾರ್ಡು ಸಿಕ್ಕಿದ್ದೇ ಅದರಿಂದ. ಕಾಗೋಡು ತಿಮ್ಮಪ್ಪ ಕಂದಾಯ ಮಂತ್ರಿಯಾಗಿದ್ದಾಗ ದಾಖಲೆ ಇಲ್ಲದ ಹಟ್ಟಿ, ತಾಂಡಾಗಳ ಮನೆಗಳಿಗೆ ಹಕ್ಕು ಕೊಡುವ ತಿದ್ದುಪಡಿ 2017ರಲ್ಲಿ ಜಾರಿಯಾಯಿತು. 'ವಾಸಿಸುವವನೇ ಮನೆಯೊಡೆಯ' ಎಂದರು. ಕಾಗೋಡಿನ ಮಾತು ಅದರಲ್ಲಿ ಕೇಳಿಸುತ್ತದೆ.

ಆದರೆ ಭೂಸುಧಾರಣಾ ಕಾಯ್ದೆಯಲ್ಲಿ ಇನ್ನೆರಡು ಕಲಂ ಇದ್ದವು, 79ಎ ಮತ್ತು 79ಬಿ. ಕೃಷಿಯೇತರ ಆದಾಯ ಇಷ್ಟಕ್ಕಿಂತ ಹೆಚ್ಚಿರುವವರು ಸಾಗುವಳಿ ಜಮೀನು ಕೊಳ್ಳುವಂತಿಲ್ಲ, ಕಂಪನಿಗಳು ಹೊಂದುವಂತಿಲ್ಲ ಎಂಬ ಬೇಲಿ. ಇದು ಯಾವಾಗಲೂ ಸರಿಯಾಗಿ ಕೆಲಸ ಮಾಡಿತು ಎಂದು ನಾನು ಹೇಳುವುದಿಲ್ಲ. ಬೆಂಗಳೂರು ಸುತ್ತಲಿನ ತಾಲ್ಲೂಕುಗಳಲ್ಲಿ ಈ ಕಲಮಿನ ಕೇಸುಗಳು ಕಂದಾಯ ಕಚೇರಿಯಲ್ಲಿ ಹೇಗೆ ಹುಟ್ಟಿ ಹೇಗೆ ಮುಗಿಯುತ್ತಿದ್ದವು ಎಂದು ಬಲ್ಲವರು ಬಲ್ಲರು. ಆದರೂ ಬೇಲಿ ಬೇಲಿಯೇ. 2015ರಲ್ಲಿ ಆದಾಯದ ಮಿತಿಯನ್ನು ಎರಡು ಲಕ್ಷದಿಂದ 25 ಲಕ್ಷಕ್ಕೆ ಏರಿಸಿದರು. ಮುಖ್ಯಮಂತ್ರಿ ಸಿದ್ದರಾಮಯ್ಯ, ಲೋಹಿಯಾ ಹೆಸರು ಹೇಳಿಯೇ ರಾಜಕೀಯಕ್ಕೆ ಬಂದವರು. 2020ರಲ್ಲಿ ಯಡಿಯೂರಪ್ಪ ಸರ್ಕಾರ ಮೊದಲು ಸುಗ್ರೀವಾಜ್ಞೆ ತಂದು, ಆಮೇಲೆ ಮಸೂದೆ ಮಾಡಿ, ಎರಡೂ ಕಲಂಗಳನ್ನು ತೆಗೆದೇ ಹಾಕಿತು. ಬಾಕಿ ಇದ್ದ ಕೇಸುಗಳೂ ರದ್ದಾದವು. ಯಡಿಯೂರಪ್ಪ ಕೂಡ ಆಗ ಅದೇ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರದ ಶಾಸಕರಾಗಿದ್ದರು.

ವಿಧಾನಪರಿಷತ್ತಿನಲ್ಲಿ ಬಿಜೆಪಿಗೆ ಬಹುಮತ ಇರಲಿಲ್ಲ. ಅಲ್ಲಿ ಮಸೂದೆ ನಿಲ್ಲಬಹುದಿತ್ತು. ಡಿಸೆಂಬರ್ 8ರಂದು ಮತಕ್ಕೆ ಬಂದಾಗ ಜೆಡಿಎಸ್ ಸರ್ಕಾರದ ಪರವಾಗಿ ನಿಂತಿತು. 1977ರಲ್ಲಿ ಸಮಾಜವಾದಿಗಳು ಕರಗಿ ಸೇರಿದ ಜನತಾ ಪಕ್ಷದ ಸಂತಾನದಲ್ಲಿ ಕರ್ನಾಟಕದಲ್ಲಿ ಉಳಿದಿರುವ ಪಕ್ಷ ಅದು. ಮಸೂದೆ ಪಾಸಾಯಿತು. ಆ ವಾರ ಹಸಿರು ಶಾಲಿನ ರೈತರು ಬೆಂಗಳೂರಿಗೆ ಬಂದು ಫ್ರೀಡಂ ಪಾರ್ಕಿನಲ್ಲಿ ಕೂತಿದ್ದರು. ಅದು ಹಳೆಯ ಸೆಂಟ್ರಲ್ ಜೈಲಿನ ಜಾಗ.